ಬಂಪರಿನ ಮೇಲಿನ ಕೆಂಪು ಗೀರು

ನನ್ನ ಕಾರಿನ ಹಿಂದಿನ ಬಂಪರಿಗೆ ಗೀರು ಬಿದ್ದದ್ದನ್ನು ನಾನು ಮೊದಲು ಕಂಡದ್ದು ಒಂದು ಭಾನುವಾರ ಬೆಳಿಗ್ಗೆ, ದಿಲ್‌ಸುಖ್‌ನಗರಕ್ಕೆ ಹೊರಟಾಗ. ಅಲ್ಲಿ ನಾದಿನಿಯ ಮಗುವಿಗೆ ತೊಟ್ಟಿಲು ಹಾಕುವ ಕಾರ್ಯವಿತ್ತು. ಅತ್ತೆಯನ್ನು ಲಿಫ್ಟಿನಿಂದ ಕಟ್ಟಡದ ಕೆಳಗಿನ ಪಾರ್ಕಿಂಗಿಗೆ, ಸೆಲ್ಲಾರಿಗೆ, ಕೈಹಿಡಿದು ಕರೆತಂದು ಕೂರಿಸಿ, ಕುಲಾವಿ, ಬೆಳ್ಳಿ ಬಟ್ಟಲುಗಳಿದ್ದ ಚೀಲವನ್ನು ಡಿಕ್ಕಿಯಲ್ಲಿಡಲು ಹಿಂದಕ್ಕೆ ಬಂದೆ. ಬಲಗಡೆಯ ಮೂಲೆಯಲ್ಲಿ ಒಂದು ಗೇಣಿಗಿಂತ ಉದ್ದಕ್ಕೆ ಬೆಳ್ಳಿ ಬಣ್ಣ ಕಿತ್ತುಹೋಗಿ, ಒಳಗಿನ ಕಪ್ಪು ಪ್ಲಾಸ್ಟಿಕ್ ಕಾಣುತ್ತಿತ್ತು. ಗೀರಿನ ಅಂಚಿಗೆ ಗಾಢವಾದ ಕೆಂಪು ಬಣ್ಣ ಮೆತ್ತಿಕೊಂಡಿತ್ತು. ಬೆರಳಿಂದ ಉಜ್ಜಿ ನೋಡಿದೆ. ಹೋಗಲಿಲ್ಲ.

ಗಾಡಿಗೆ ಗೀರು ಬೀಳುವುದು ದೊಡ್ಡ ಸಂಗತಿಯಲ್ಲ, ನನಗೂ ಗೊತ್ತು. ಆದರೆ ಆ ಗೀರು ನನ್ನಿಂದ ಬಿದ್ದದ್ದಲ್ಲ ಎಂದು ನಾನು ಎಷ್ಟು ಜನರಿಗೆ ಹೇಳಬೇಕಾಯಿತು, ಅವರಲ್ಲಿ ಎಷ್ಟು ಕಡಿಮೆ ಜನ ನಂಬಿದರು ಎಂಬುದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಮ್ಮ ಮನೆಯಲ್ಲಿ ಗಾಡಿ ನಡೆಸುವವಳು ನಾನೊಬ್ಬಳೇ. ನನ್ನ ಗಂಡನಿಗೆ ಚಿಕ್ಕಂದಿನಲ್ಲಿ ಚಿಣಿಫಣಿ ಆಡುವಾಗ ಹಾರಿಬಂದ ಚಿಣ್ಣಿಯ ಏಟು ಬಿದ್ದು ಎಡಗಣ್ಣಿನ ದೃಷ್ಟಿ ಹೋಗಿದೆ. ನೋಡಿದರೆ ಯಾರಿಗೂ ತಿಳಿಯುವುದಿಲ್ಲ. ಅವರು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಾನು ಬೇಗಂಪೇಟೆಯ ಒಂದು ಖಾಸಗಿ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಬೀದರಿನಿಂದ ಬಂದ ನಾವು ಲಿಂಗಂಪಲ್ಲಿಯಲ್ಲಿ ಫ್ಲ್ಯಾಟು ಕೊಂಡಾಗ ಅದು ಊರಾಚೆ ಎಂದು ಎಲ್ಲರೂ ಮೂಗು ಮುರಿದಿದ್ದರು. ನೋಡುನೋಡುತ್ತಿದ್ದಂತೆ ಸುತ್ತ ಗಾಜಿನ ಕಟ್ಟಡಗಳೆದ್ದವು, ಬಂಡೆಗಳನ್ನು ಸಿಡಿಸುವ ಸದ್ದಿಗೆ ಅಡುಗೆಮನೆಯ ಡಬ್ಬಿಗಳು ನಡುಗತೊಡಗಿದವು. ಸಾಫ್ಟ್‌ವೇರಿನ ಹುಡುಗರು ಕೇಳಿದಷ್ಟು ಕೊಟ್ಟು ಹತ್ತುತ್ತಿದ್ದರಿಂದ ಆಟೋದವರು ನಮ್ಮಂಥವರ ಕಡೆ ತಿರುಗಿಯೂ ನೋಡದಂತಾದರು. ಮಂಡಿ ನೋವಿನ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ನಿಂತು, ಒಂದೊಂದು ಆಟೋದವನೂ ತಲೆಯಾಡಿಸಿ ಹೋದ ಒಂದು ಮಧ್ಯಾಹ್ನ ನಾನು ಗಾಡಿ ಕಲಿಯಲು ನಿರ್ಧರಿಸಿದೆ. ಕಲಿತೆ. ಆಮೇಲೆ ಸಣ್ಣದೊಂದು ಕಾರು ಕೊಂಡೆವು. ಬರೀ ನನ್ನ ಕೈಯಲ್ಲಿ ಓಡಿದ ಗಾಡಿ ಅದು. ಅಂದಿನವರೆಗೆ ಒಂದು ಸಲವೂ ಎಲ್ಲಿಯೂ ತಾಗಿರಲಿಲ್ಲ.

ತೊಟ್ಟಿಲ ಮನೆಯಲ್ಲಿ ಗೀರನ್ನು ಮೊದಲು ಕಂಡವರು ನಾದಿನಿಯ ಗಂಡ. ಗೇಟಿನ ಹೊರಗೆ ಬಂದವರಿಗೆಲ್ಲ ಜಾಗ ತೋರಿಸುತ್ತ ನಿಂತಿದ್ದರು.

"ಏನ್ರಿ ವೈನಿ, ಯಾವ ಗೋಡಿ ಅಡ್ಡ ಬಂದಿತ್ತು?" ಎಂದರು.

"ಗೋಡಿ ಅಲ್ಲ. ಸೆಲ್ಲಾರದಾಗ ನಿಂತಾಗ ಯಾರೋ ಹೊಡದು ಹೋಗ್ಯಾರ."

"ಹೌದ್ಹೌದು. ಎಲ್ಲಾ ನಿಂತ ಗಾಡಿಗೇ ಹೊಡೀತಾರ ನೋಡ್ರಿ," ಎಂದು ನಕ್ಕರು. ಸುತ್ತ ನಿಂತವರೂ ನಕ್ಕರು. ಊಟದ ಪಂಕ್ತಿಗೆ ಬರುವಷ್ಟರಲ್ಲಿ ಆ ಮಾತು ಇಡೀ ಮನೆಗೆ ಮುಟ್ಟಿತ್ತು. ಹೋಳಿಗೆ ಬಡಿಸುತ್ತಿದ್ದ ಒಬ್ಬ ದೂರದ ಸಂಬಂಧಿ ನನ್ನ ಗಂಡನ ಹತ್ತಿರ ಬಗ್ಗಿ, "ಹಿಂದ ತಗೊಳ್ಳುವಾಗ ನೀವರೆ ಇಳದು ಒಂದೀಟು ನೋಡಿ ಹೇಳಬಾರದೇನ್ರಿ?" ಎಂದ. ನನ್ನ ಗಂಡ ಹೋಳಿಗೆ ಮುರಿಯುತ್ತ, "ಆಕಿ ಹೊಡದಿಲ್ಲ," ಎಂದಷ್ಟೇ ಹೇಳಿದರು. ಹೆಂಡತಿಯ ಮಾನ ಕಾಯುವ ಒಳ್ಳೆಯ ಗಂಡ ಎಂದುಕೊಂಡು ಆ ಮನುಷ್ಯ ಅವರಿಗೆ ಇನ್ನೊಂದು ಹೋಳಿಗೆ ಹಾಕಿದ.

ನನ್ನ ಎಲೆಯ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದೆ.

ತಿರುಗಿ ಬರುವಾಗ ನಾನು ರಸ್ತೆಯ ಮೇಲೆ ಕಣ್ಣಿಟ್ಟು ಗಾಡಿ ನಡೆಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ, "ನೀ ಹೊಡದಿದ್ದರ ನೀನೇ ಬಂದು ಹೇಳತಿದ್ದಿ. ಅದರಾಗ ಕೇಳೂದೇನೈತಿ," ಎಂದರು. ನಾನು ಬಂದು ಸೊಸೆಯಾದಾಗಿನಿಂದ ಅಡುಗೆಯ ಉಪ್ಪುಖಾರದಿಂದ ಹಿಡಿದು ಬಟ್ಟೆ ಒಣಹಾಕುವ ರೀತಿಯವರೆಗೆ ಎಲ್ಲದರಲ್ಲೂ ಹುಳುಕು ಹುಡುಕಿದ ಹೆಂಗಸು ಆಕೆ. ಈ ಒಂದು ವಿಷಯದಲ್ಲಿ ಮಾತ್ರ ನನ್ನನ್ನು ಏನೂ ಕೇಳಲೇ ಇಲ್ಲ.

ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸೆಲ್ಲಾರಿನಲ್ಲಿ ಸಿಕ್ಕರು. ಸರಕಾರಿ ಇಂಜಿನಿಯರಾಗಿ ನಿವೃತ್ತರಾದವರು, ಮೃದು ಮಾತಿನ ಮನುಷ್ಯ. ಎಲ್ಲ ಹೆಂಗಸರನ್ನೂ 'ಅಮ್ಮಾ' ಎಂದು ಕರೆಯುತ್ತಿದ್ದರು. ನಾನು ಗೀರು ತೋರಿಸಿ, ಶನಿವಾರ ಮಧ್ಯಾಹ್ನ ಗಾಡಿ ನಿಲ್ಲಿಸಿದಾಗ ಇದಿರಲಿಲ್ಲ, ಆಮೇಲೆ ಯಾವ ಗಾಡಿಗಳು ಬಂದವು ಎಂದು ವಾಚ್‌ಮನ್‌ನನ್ನು ಕೇಳಬೇಕು ಎಂದೆ. ಅವರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು.

"ಇದು ನಮ್ಮ ಗೇಟಿನ ಬಣ್ಣ ಅಮ್ಮಾ," ಎಂದರು ತೆಲುಗಿನಲ್ಲಿ. "ರೆಡ್ ಆಕ್ಸೈಡ್. ಹೊರಗೆ ಹೋಗುವಾಗ ನಿಮಗೇ ತಿಳಿಯದ ಹಾಗೆ ತಾಗಿರುತ್ತೆ. ಪರವಾಲೇದು. ಹೊಸದಾಗಿ ಕಲಿತವರಿಗೆ ಇದೆಲ್ಲ ಆಗೋದೇ."

ನಮ್ಮ ಗೇಟಿಗೆ ತುಕ್ಕು ಹಿಡಿಯದಿರಲೆಂದು ಕೆಂಪು ರೆಡ್ ಆಕ್ಸೈಡ್ ಬಳಿದು, ಮೇಲಿನ ಬಣ್ಣ ಹಚ್ಚುವುದನ್ನು ಮರೆತು ತಿಂಗಳುಗಳಾಗಿದ್ದವು. ಅದು ಒಣಗಿ ಇಟ್ಟಿಗೆಪುಡಿಯ ಹಾಗೆ ಮಂಕಾಗಿತ್ತು. ನನ್ನ ಬಂಪರಿಗೆ ಮೆತ್ತಿದ್ದ ಬಣ್ಣಕ್ಕೆ ಹೊಳಪಿತ್ತು. ಅದನ್ನೂ ಹೇಳಿದೆ. ನಾನು ಹೊಸದಾಗಿ ಕಲಿತವಳಲ್ಲ ಎಂದೂ ಹೇಳಿದೆ. ಅವರು ನಗುತ್ತ, "ನಿಮ್ಮ ಯಜಮಾನರಿಗೆ ಹೇಳಿ, ನಾನು ಮಾತಾಡ್ತೀನಿ," ಎಂದು ಲಿಫ್ಟಿನತ್ತ ನಡೆದರು. ಗಾಡಿ ನನ್ನದು, ಮಾತಾಡುತ್ತಿರುವವಳು ನಾನು. ಆದರೆ ಮಾತು ಮುಗಿಯಬೇಕಾದದ್ದು ಯಜಮಾನರ ಜೊತೆ.

ವಾಚ್‌ಮನ್‌ನನ್ನು ನಾನೇ ಕೇಳಿದೆ. ಅವನೂ ಅವನ ಹೆಂಡತಿಯೂ ಯಾದಗಿರಿ ಕಡೆಯವರು. ಮೊದಲು ಗಾರೆ ಕೆಲಸಕ್ಕೆಂದು ಬಂದು, ಅದೇ ಕಟ್ಟಡ ಮುಗಿದ ಮೇಲೆ ಮೆಟ್ಟಿಲ ಕೆಳಗಿನ ಖೋಲಿಯಲ್ಲಿ ಉಳಿದುಕೊಂಡವರು. ಇಡೀ ಅಪಾರ್ಟ್‌ಮೆಂಟಿನಲ್ಲಿ ನಮ್ಮೊಂದಿಗೆ ಕನ್ನಡ ಮಾತಾಡುವವರು ಅವರಿಬ್ಬರೇ. ಅವನು ನೆಲ ನೋಡುತ್ತ, "ಶನಿವಾರ ಕರೆಂಟ್ ಹೋಗಿತ್ತುರಿ ಅಕ್ಕಾರ, ನಾ ಜನರೇಟರ್ ಬಲ್ಲಿ ಇದ್ದೆ. ಏನೂ ನೋಡಿಲ್ರಿ," ಎಂದ. ಬಟ್ಟೆ ಹಿಂಡುತ್ತಿದ್ದ ಅವನ ಹೆಂಡತಿ ತಲೆ ಎತ್ತಲಿಲ್ಲ.

ಮರುದಿನ ಗಾಡಿಯನ್ನು ಬೇಗಂಪೇಟೆಯ ಸರ್ವಿಸ್ ಸೆಂಟರಿಗೆ ಒಯ್ದೆ. ಶಾಲೆಗೆ ರಜೆಯಿದ್ದುದರಿಂದ ಗಂಡನೂ ಜೊತೆಗೆ ಬಂದರು. ಆ ದಿನಗಳಲ್ಲಿ ಊರಿನಲ್ಲಿ ಹೊಸ ಗಾಡಿಗಳು ಎಷ್ಟು ಹೆಚ್ಚಾಗಿದ್ದವೆಂದರೆ ಸರ್ವಿಸ್ ಸೆಂಟರಿನ ಮುಂದೆ ಪಡಿತರ ಅಂಗಡಿಯ ಮುಂದಿನ ಹಾಗೆ ಸಾಲು. ನಮ್ಮ ಸರದಿ ಬಂದಾಗ ಟೈ ಕಟ್ಟಿಕೊಂಡ ಒಬ್ಬ ತರುಣ ಬಂದು ನನ್ನ ಗಂಡನ ಕೈ ಕುಲುಕಿದ.

"ಸರ್, ಹೇಳಿ. ಏನಾಯ್ತು?" ಎಂದ ಹಿಂದಿಯಲ್ಲಿ.

"ಬಂಪರಿಗೆ ಗೀರು ಬಿದ್ದಿದೆ," ಎಂದೆ ನಾನು.

ಅವನು ಬಗ್ಗಿ ನೋಡಿ ನನ್ನ ಗಂಡನ ಕಡೆ ತಿರುಗಿದ. "ಮೇಡಂ ರಿವರ್ಸ್ ತಗೊಳ್ಳುವಾಗ ಆಗಿದ್ದಾ ಸರ್?"

"ನನಗೆ ಗಾಡಿ ನಡೆಸೋಕೆ ಬರೋದಿಲ್ಲ. ಇದು ಅವರ ಗಾಡಿ. ಅವರನ್ನೇ ಕೇಳಿ," ಎಂದರು ನನ್ನ ಗಂಡ.

"ನಿಂತ ಗಾಡಿಗೆ ಯಾರೋ ಹೊಡೆದಿದ್ದಾರೆ," ಎಂದೆ.

"ಓಕೆ ಮೇಡಂ," ಎಂದವನು ಮತ್ತೆ ನನ್ನ ಗಂಡನಿಗೆ, "ಸರ್, ಹೊಸ ಬಂಪರ್ ಹಾಕಿಸಿಬಿಡಿ. ಮತ್ತೆ ರಿವರ್ಸ್ ಸೆನ್ಸರ್ ಬಂದಿವೆ, ಹಿಂದೆ ಏನಾದರೂ ಇದ್ದರೆ ಬೀಪ್ ಅಂತ ಸದ್ದು ಮಾಡ್ತವೆ. ಲೇಡೀಸ್‌ಗೆ ಅಂತಲೇ ಬಹಳ ಜನ ಹಾಕಿಸ್ತಿದ್ದಾರೆ," ಎಂದ.

ಬಂಪರು ಒಡೆದಿರಲಿಲ್ಲ, ಬಿರುಕು ಬಿಟ್ಟಿರಲಿಲ್ಲ. ಉಜ್ಜಿ ಬಣ್ಣ ಹೊಡೆದರೆ ಮುಗಿಯುವ ಕೆಲಸಕ್ಕೆ ಹೊಸ ಬಂಪರು ಯಾಕೆ ಎಂದು ಕೇಳಿದೆ. ಬಣ್ಣ ನಿಲ್ಲುವುದಿಲ್ಲ ಎಂದ. ಯಾಕೆ ನಿಲ್ಲುವುದಿಲ್ಲ, ಕಾರ್ಖಾನೆಯಲ್ಲಿ ಹೊಡೆದದ್ದು ಹೇಗೆ ನಿಂತಿತು ಎಂದೆ. ಅವನು ನನ್ನ ಗಂಡನನ್ನು ನೋಡಿ ಸಣ್ಣಗೆ ನಕ್ಕ. ಗಂಡಸರು ಗಂಡಸರ ನಡುವೆ ನಗುವ ನಗು ಅದು. ನನ್ನ ಗಂಡ ನಗಲಿಲ್ಲ. ಪಕ್ಕಕ್ಕೆ ಸರಿದು ದೂರದ ನೀರಿನ ಕ್ಯಾನಿನ ಹತ್ತಿರ ನಿಂತುಬಿಟ್ಟರು. ಅಲ್ಲಿಂದ ಅವರು ಬರುವಂತಿಲ್ಲವೆಂದು ಗೊತ್ತಾದ ಮೇಲೆಯೇ ಆ ತರುಣ ನನ್ನ ಮುಖ ನೋಡಿ ಮಾತಾಡಿದ್ದು. ಬಣ್ಣ ಹೊಡೆಯುವುದೆಂದಾಯಿತು. ಆದರೆ ಪೇಂಟಿಂಗ್ ಶೆಡ್ಡಿನಲ್ಲಿ ಜಾಗವಿಲ್ಲ, ಹತ್ತು ದಿನ ಬಿಟ್ಟು ತನ್ನಿ ಎಂದ.

"ನಿಮಗ ಸಿಟ್ಟೇ ಬರೂದಿಲ್ಲೇನ್ರಿ?" ಎಂದು ಹೊರಗೆ ಬಂದು ಗಂಡನ ಮೇಲೆ ಹರಿಹಾಯ್ದೆ.

"ನಾ ಅಲ್ಲೇ ನಿಂತು ಜಗಳಾಡಿದ್ರ, ಅದೂ ನನ್ನ ಮಾತೇ ಆಗತಿತ್ತು. ಅದಕ್ಕ ದೂರ ಹೋದೆ," ಎಂದರು. ಅದು ನಿಜವೆಂದು ಒಪ್ಪಿಕೊಳ್ಳುವ ಮನಸ್ಸು ಆಗ ನನಗಿರಲಿಲ್ಲ.

ಆ ವಾರವೇ ಅಪಾರ್ಟ್‌ಮೆಂಟಿನ ಸಭೆ ಸೇರಿತು. ಭಾನುವಾರ ಟೆರೇಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ನೀರಿನ ಟ್ಯಾಂಕರು, ಲಿಫ್ಟು, ಕಸ ಎಲ್ಲ ಮುಗಿದ ಮೇಲೆ ಸೆಕ್ರೆಟರಿ ಪಾರ್ಕಿಂಗಿನ ಮಾತೆತ್ತಿದರು. ಗಾಡಿಗಳು ಹೆಚ್ಚಾಗಿವೆ, ತಿರುವಿನಲ್ಲಿ ತೊಂದರೆಯಾಗುತ್ತಿದೆ, ಈಗಾಗಲೇ ಒಂದು ಗಾಡಿ ಗೇಟಿಗೆ ತಾಗಿದೆ, ನಾಳೆ ಮಕ್ಕಳಿಗೆ ಏನಾದರೂ ಆದರೆ ಯಾರು ಹೊಣೆ ಎಂದು ಬಹಳ ಕಾಳಜಿಯಿಂದ ಹೇಳಿದರು. ಆದ್ದರಿಂದ ತಿರುವಿನ ಪಕ್ಕದಲ್ಲಿರುವ ನಮ್ಮ ಜಾಗ ತಮಗಿರಲಿ, ನಮ್ಮದು ಹೊರಗೆ, ಟ್ಯಾಂಕರು ನಿಲ್ಲುವ ಕಡೆ ಆಗಲಿ, ಅಲ್ಲಾದರೆ ಮೇಡಂಗೆ ತಿರುಗಿಸಲು ವಿಶಾಲವಾಗಿರುತ್ತದೆ ಎಂದರು.

ನನಗೆ ಒಂದು ಕ್ಷಣ ಕೇಳಿದ್ದು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಎದ್ದು ನಿಂತೆ.

"ನಾನು ಗೇಟಿಗೆ ಹೊಡೆದಿಲ್ಲ. ನಿಂತ ನನ್ನ ಗಾಡಿಗೆ ನಿಮ್ಮಲ್ಲೇ ಯಾರೋ ಹೊಡೆದಿದ್ದೀರಿ. ಏಟು ತಿಂದವರನ್ನೇ ಹೊರಗೆ ಹಾಕೋದು ಯಾವ ನ್ಯಾಯ?" ಎಂದೆ. ನನ್ನ ತೆಲುಗು ಸಿಟ್ಟಿನಲ್ಲಿ ಹಿಂದಿಯಾಗಿ, ಹಿಂದಿ ಕನ್ನಡವಾಗಿ ಒಡೆದುಹೋಗುತ್ತಿತ್ತು.

"ಕೂತ್ಕೊಳ್ಳಿ ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು," ಎಂದರು ಸೆಕ್ರೆಟರಿ. ಯಾರೋ ನನ್ನ ಗಂಡನನ್ನು, "ಮಾಸ್ಟರ್‌ಗಾರು, ನೀವೇನಂತೀರಿ?" ಎಂದು ಕೇಳಿದರು. "ಗಾಡಿ ಅವರದು. ಅವರು ಹೇಳಿದ್ದೇ ನಮ್ಮ ಮನೆಯ ಮಾತು," ಎಂದರು ಇವರು. ಸಾಫ್ಟ್‌ವೇರಿನ ಹುಡುಗರು ಮೊಬೈಲು ಒತ್ತುತ್ತ ಕೂತಿದ್ದರು. ಅವರಿಗೆ ಬೇಕಾಗಿದ್ದು ಸಭೆ ಬೇಗ ಮುಗಿಯುವುದು. ಮುಂದಿನ ತಿಂಗಳಿಂದ ಬದಲಾವಣೆ ಎಂದು ಸೆಕ್ರೆಟರಿ ಹೇಳಿದರು. ಎಲ್ಲರೂ ಎದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದಿನಲ್ಲಿ ನನ್ನ ಮಾತು ಮುಳುಗಿಹೋಯಿತು.

ಸೋಮವಾರ ನಾನು ಆಫೀಸಿಗೆ ಹೋಗಲಿಲ್ಲ. ಹೋಗುವ ಮನಸ್ಸೇ ಇರಲಿಲ್ಲ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ವಾಚ್‌ಮನ್‌ನ ಹೆಂಡತಿ ನಿಂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಒಳಗೆ ಬಂದು ಬಾಗಿಲು ತಾನೇ ಮುಚ್ಚಿ ಗೋಡೆಗೆ ಒರಗಿ ಕೂತಳು.

"ಅಕ್ಕಾರ, ನಿಮ್ಮ ಜಾಗಾ ಕಸಗೊಂಡ್ರಂತ ನಮ್ಮವ ಹೇಳಿದ. ರಾತ್ರಿಪೂರಾ ನನಗ ನಿದ್ದಿ ಬಂದಿಲ್ರಿ."

"ನಿನಗ ಗೊತ್ತೈತೇನು ಯಾರು ಹೊಡದರಂತ?"

ಅವಳು ಧ್ವನಿ ತಗ್ಗಿಸಿದಳು. "ನನ್ನ ಹೆಸರು ತಗೀಬಾರದ್ರಿ. ಖೋಲಿ ಬಿಡಿಸಿಬಿಡ್ತಾರ. ಬಿಡಿಸಿದ್ರ ಎಲ್ಲಿಗಿ ಹೋಗಮ್ರಿ ನಾವು?"

"ತಗಿಯಂಗಿಲ್ಲ."

"ಶನಿವಾರ ಕರೆಂಟ್ ಹೋದಾಗ ನಾನೇ ಗೇಟ್ ತಗದೀನ್ರಿ. ಸೆಕ್ರೆಟರಿ ಸಾಹೇಬ್ರು ಲಗ್ನಕ್ಕ ಹೋಗಿ ಬಂದ್ರು. ಆ ದೊಡ್ಡ ಗಾಡಿ ತಿರುಗಲಿಲ್ರಿ ಅವರ ಕೈಲಿ. ಹಿಂದ ಮುಂದ, ಹಿಂದ ಮುಂದ ಮಾಡಿದ್ರು. ಗರ್ರ್ ಅಂತ ಸಪ್ಪಳಾತು. ಇಳದು ನೋಡಿ, ನನಗ ಅಂದ್ರು, ಯಾರಿಗೂ ಹೇಳಬ್ಯಾಡ, ನಾನೇ ಮಾತಾಡ್ತೀನಿ ಅಂತ. ನಿಮಗ ಹೇಳ್ತಾರಂತ ತಿಳಕೊಂಡಿದ್ದೆ ನಾ."

ಸೆಕ್ರೆಟರಿ ಊರ ಕಡೆಯ ಜಮೀನಿಗೆ ಒಳ್ಳೆಯ ಬೆಲೆ ಬಂತೆಂದು ಮಾರಿ, ಎರಡು ತಿಂಗಳ ಹಿಂದೆಯಷ್ಟೇ ದೊಡ್ಡ ಕಾರು ಕೊಂಡಿದ್ದರು. ಅಲ್ಲಿಯವರೆಗೆ ಜೀವಮಾನವಿಡೀ ಸ್ಕೂಟರಿನಲ್ಲಿ ಓಡಾಡಿದ ಮನುಷ್ಯ. ಆ ಕಾರಿಗೆ ಧೂಳು ತಾಗದಂತೆ ಯಾವಾಗಲೂ ಬಟ್ಟೆಯ ಹೊದಿಕೆ ಹಾಕಿರುತ್ತಿದ್ದರು. ಅದರ ಬಣ್ಣ ಯಾವುದೆಂದು ನಾನು ಸರಿಯಾಗಿ ನೋಡಿರಲೇ ಇಲ್ಲ. ಹೊಸದಾಗಿ ಕಲಿತವರು ಯಾರು ಹಾಗಾದರೆ?

"ನಾ ಹೇಳಿದ್ದಂತ ಬ್ಯಾಡ್ರಿ ಅಕ್ಕಾರ. ನೀವೇ ಹೋಗಿ ಹೊದಿಕಿ ಎತ್ತಿ ನೋಡ್ರಿ. ಎಡಕಿನ ಬದಿಗಿ," ಎಂದು ಅವಳು ಎದ್ದು ಹೋದಳು.

ನಾನು ಇಳಿದು ಹೋದೆ. ಸೆಲ್ಲಾರಿನಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಎತ್ತುತ್ತಿದ್ದೆ. ಹೊದಿಕೆಯ ಕೆಳಗಿನ ದಾರ ಸಡಿಲಿಸಿ ಮೇಲೆತ್ತಿದೆ. ಎಡ ಮುಂಭಾಗದ ಮೂಲೆಯಲ್ಲಿ, ಹೊಳೆಯುವ ಮರೂನ್ ಬಣ್ಣದ ಮೇಲೆ, ನನ್ನ ಗಾಡಿಯ ಬೆಳ್ಳಿ ಬಣ್ಣ ಉದ್ದಕ್ಕೆ ಎಳೆದುಕೊಂಡು ಹೋಗಿತ್ತು. ಅದನ್ನು ಒರೆಸಲು ಯಾರೋ ಪ್ರಯತ್ನಿಸಿದ ಗುರುತೂ ಇತ್ತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಾಗ ನನಗೆ ಅಳು ಬಂತು. ಗೀರಿಗಲ್ಲ. ಟೆರೇಸಿನ ಮೇಲೆ ಅಷ್ಟು ಜನರ ಮುಂದೆ, ಎಲ್ಲ ಗೊತ್ತಿದ್ದೂ, "ನಿಮ್ಮ ಒಳ್ಳೇದಕ್ಕೇ" ಎಂದ ಆ ಮೃದು ಧ್ವನಿಗೆ.

ಸಂಜೆ ಅವರ ಮನೆಗೆ ಹೋದೆ. ಗಂಡ ಜೊತೆಗೆ ಬರುತ್ತೇನೆಂದರು. ಬೇಡವೆಂದೆ. ಸೆಕ್ರೆಟರಿ ಸೋಫಾದಲ್ಲಿ ಕೂತು ಟಿವಿ ನೋಡುತ್ತಿದ್ದರು. ಕಾಫಿ ತರಲು ಹೆಂಡತಿಗೆ ಕೂಗಿ ಹೇಳಿದರು.

"ಕಾಫಿ ಬೇಡ ಸರ್. ನಾನು ನಿಮ್ಮ ಗಾಡಿಯ ಹೊದಿಕೆ ಎತ್ತಿ ನೋಡಿದೆ," ಎಂದೆ.

ಅವರು ಟಿವಿಯ ಸದ್ದು ಕಡಿಮೆ ಮಾಡಿದರು. "ನಿಮಗೆ ಯಾರು ಹೇಳಿದ್ದು?"

"ಹೇಳೋಕೆ ಯಾರು ಬೇಕು? ನನ್ನ ಗಾಡಿಯ ಮೇಲೆ ಮರೂನ್ ಬಣ್ಣ ಇದೆ. ಈ ಕಟ್ಟಡದಲ್ಲಿ ಮರೂನ್ ಗಾಡಿ ನಿಮ್ಮದೊಂದೇ. ನನಗೆ ಮೊದಲೇ ಹೊಳೆಯಬೇಕಿತ್ತು."

"ಅದು ಪೇಟೆಯಲ್ಲಿ ಆಟೋದವನೊಬ್ಬ ನನ್ನ ಗಾಡಿಗೆ ತಾಗಿಸಿದ್ದಮ್ಮಾ."

"ಆಟೋ ಹಳದಿ ಇರ್ತದೆ ಸರ್. ನಿಮ್ಮ ಗಾಡಿಗೆ ಹತ್ತಿರೋದು ಬೆಳ್ಳಿ ಬಣ್ಣ."

ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಗಂಡನನ್ನು ನೋಡಿದರು, ಆಮೇಲೆ ನೆಲವನ್ನು. ಲಗ್ನದಿಂದ ಬರುವಾಗ ಆಕೆಯೂ ಆ ಗಾಡಿಯಲ್ಲೇ ಇದ್ದಿರಬೇಕು ಎಂದು ಆಗ ನನಗನ್ನಿಸಿತು.

"ಇಷ್ಟು ಸಣ್ಣ ವಿಷಯವನ್ನ ಯಾಕೆ ಎಳೀತೀರಮ್ಮಾ? ನಿಮಗೇನು ಬೇಕು ಹೇಳಿ. ರಿಪೇರಿ ಮಾಡಿಸಿಕೊಡಲೇ?"

"ರಿಪೇರಿ ನಾನು ಮಾಡಿಸ್ತೀನಿ. ನಿನ್ನೆ ಎಲ್ಲರ ಮುಂದೆ ನಾನು ಗೇಟಿಗೆ ಹೊಡೆದೆ ಅಂದಿರಿ. ಅದೇ ಜನರ ಮುಂದೆ, ಹೊಡೆದದ್ದು ನೀವು ಅಂತ ಹೇಳಿ. ನನಗೆ ಅಷ್ಟೇ ಸಾಕು."

"ನೋಡೋಣ," ಎಂದರು. ಟಿವಿಯ ಸದ್ದು ಮತ್ತೆ ಮೇಲೇರಿತು.

ಅವರು ಹೇಳಲಿಲ್ಲ. ಎಂದೂ ಹೇಳಲಿಲ್ಲ. ಪಾರ್ಕಿಂಗ್ ಬದಲಾವಣೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ ಎಂದು ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಅಂಟಿತು. ಕಾರಣ ಬರೆದಿರಲಿಲ್ಲ. ಅವರ ಮರೂನ್ ಗಾಡಿ ಎಲ್ಲೋ ಹೋಗಿ ಎರಡೇ ದಿನಗಳಲ್ಲಿ ಹೊಸದರ ಹಾಗೆ ತಿರುಗಿ ಬಂತು. ಮೇಲಿನ ಮಹಡಿಯ ಹೆಂಗಸೊಬ್ಬರು ನನಗೆ ಹಿತ ಹೇಳುವವರ ಹಾಗೆ, "ನೀವು ದೊಡ್ಡವರ ಮನೆಗೆ ಹೋಗಿ ಹಾಗೆಲ್ಲ ಜಗಳ ಆಡಬಾರದಿತ್ತು," ಎಂದರು. ನಾನು ಗಯ್ಯಾಳಿ ಎಂದು ಲಿಫ್ಟಿನಲ್ಲಿ ಮಾತಾಡಿಕೊಂಡದ್ದೂ ಕಿವಿಗೆ ಬಿತ್ತು. ಅವನು ಹೊಡೆದ, ಸುಳ್ಳು ಹೇಳಿದ, ನನ್ನ ಜಾಗಕ್ಕೆ ಕೈಹಾಕಿದ. ಅವನು ದೊಡ್ಡ ಮನುಷ್ಯ. ನಾನು ಹೋಗಿ ಕೇಳಿದೆ, ನಾನು ಗಯ್ಯಾಳಿ.

ಇಷ್ಟರ ನಡುವೆ ನನ್ನ ಗಾಡಿ ಸರ್ವಿಸ್ ಸೆಂಟರಿಗೆ ಹೋಗಿತ್ತು. ಕೆಲಸ ಮುಗಿದ ದಿನ ಅವರು ಫೋನು ಮಾಡಿದ್ದು ನನಗಲ್ಲ, ನನ್ನ ಗಂಡನಿಗೆ. ನನ್ನ ನಂಬರು ಕೊಟ್ಟಿದ್ದರೂ ಸರ್ ನಂಬರು ಎಂದು ಇನ್ನೊಂದನ್ನು ಕೇಳಿ ಬರೆದುಕೊಂಡಿದ್ದರಂತೆ. ಪಾಠದ ನಡುವೆ ಫೋನು ಎತ್ತಿದ ಇವರು, "ತಪ್ಪು ಜನಕ್ಕ ಹಚ್ಚೀರಿ," ಎಂದು ಕನ್ನಡದಲ್ಲೇ ಹೇಳಿ ಇಟ್ಟುಬಿಟ್ಟರು. ಆಮೇಲೆ ನನಗೆ ಬಂತು.

ಆಫೀಸಿನಿಂದ ನಡೆದೇ ಹೋದೆ. ಟೈಯಿನ ತರುಣ ಶೆಡ್ಡಿನೊಳಗೆ ಟ್ಯೂಬ್‌ಲೈಟಿನ ಕೆಳಗೆ ಗಾಡಿ ತೋರಿಸಿ ಕೀಲಿಕೈ ಚಾಚಿದ. ಹೊರಗೆ ಬಿಸಿಲಿಗೆ ತನ್ನಿ ಎಂದೆ. ಅವನಿಗೆ ಇಷ್ಟವಿರಲಿಲ್ಲ. ತಂದ. ಬಿಸಿಲಿನಲ್ಲಿ ಇಡೀ ಗಾಡಿ ಒಂದು ಬೆಳ್ಳಿ, ಬಂಪರು ಇನ್ನೊಂದು ಬೆಳ್ಳಿ. ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು.

"ಸಿಲ್ವರ್‌ನಲ್ಲಿ ಇಷ್ಟು ಫರಕ್ ಬಂದೇ ಬರುತ್ತೆ ಮೇಡಂ," ಎಂದ. "ಸರ್ ಬಂದಿದ್ದರೆ ಅವರಿಗೆ ಅರ್ಥವಾಗ್ತಿತ್ತು."

ಅಷ್ಟು ದಿನಗಳಿಂದ ಒಳಗೆ ಕುದಿಯುತ್ತಿದ್ದುದೆಲ್ಲ ಆಗ ಹೊರಗೆ ಬಂದೀತು ಎಂದು ನಾನೇ ಹೆದರಿದೆ. ಬರಲಿಲ್ಲ. ನನ್ನ ಧ್ವನಿ ಇನ್ನಷ್ಟು ತಗ್ಗಿತು. "ನಿಮ್ಮ ಸರ್‌ಗೆ ಒಂದು ಕಣ್ಣು ಕಾಣೋದಿಲ್ಲ. ನನಗೆ ಎರಡೂ ಕಾಣ್ತವೆ. ನಿಮ್ಮ ಮ್ಯಾನೇಜರನ್ನ ಕರೀರಿ. ಅವರು ಬರೋವರೆಗೂ ನಾನು ಇಲ್ಲೇ ಕೂತಿರ್ತೀನಿ," ಎಂದು ಗಿರಾಕಿಗಳ ಕೋಣೆಯ ನಡುವಿನ ಕುರ್ಚಿಯಲ್ಲಿ ಹೋಗಿ ಕೂತೆ. ಹೊಸ ಗಾಡಿ ನೋಡಲು ಬಂದ ಗಂಡಹೆಂಡಿರು ನನ್ನನ್ನು ನೋಡಿದರು. ಏನಾಯಿತೆಂದು ಆ ಹೆಂಡತಿ ಕೇಳಿದಾಗ ಸಮಾಧಾನದಿಂದ, ಎಲ್ಲರಿಗೂ ಕೇಳುವಂತೆ ಹೇಳಿದೆ. ಆಕೆ ಎದ್ದು ಹೊರಗೆ ಹೋಗಿ ಬಂಪರು ನೋಡಿಬಂದು, "ದೂರದಿಂದಲೇ ಗೊತ್ತಾಗುತ್ತಲ್ಲ," ಎಂದಳು. ಆಗ ಮ್ಯಾನೇಜರ್ ಬಂದರು. ನೋಡಿದರು. ವಾದ ಮಾಡಲಿಲ್ಲ. ಮತ್ತೆ ಬಣ್ಣ ಹೊಡೆಸಿದರು. ಎರಡನೇ ಸಲ ತರಲು ಹೋದಾಗ ಗಾಡಿ ಅವರಾಗಿಯೇ ಬಿಸಿಲಿನಲ್ಲಿ ನಿಲ್ಲಿಸಿದ್ದರು. ಬಣ್ಣ ಹೊಂದಿತ್ತು. ಎಲ್ಲಿ ಗೀರಿತ್ತೆಂದು ನಾನೂ ಹುಡುಕಬೇಕಾಯಿತು.

ಗಾಡಿ ಸರಿಹೋಯಿತು. ಸಿಟ್ಟು ಸರಿಹೋಗಲಿಲ್ಲ. ದಿನಾ ಬೆಳಿಗ್ಗೆ ಸೆಲ್ಲಾರಿನಲ್ಲಿ ಸೆಕ್ರೆಟರಿ ಎದುರಾದರೆ, "ಹೇಗಿದ್ದೀರಮ್ಮಾ?" ಎನ್ನುತ್ತಿದ್ದರು, ಏನೂ ನಡೆದೇ ಇಲ್ಲವೇನೋ ಎಂಬಂತೆ. ನಾನು ಉತ್ತರ ಕೊಡದೆ ಗಾಡಿ ತೆಗೆಯುತ್ತಿದ್ದೆ. ಅವರ ಬಾಯಿ ಕಟ್ಟುವ ಒಂದು ಮಾತು ನನ್ನ ಹತ್ತಿರವಿತ್ತು, ನೋಡಿದವರಿದ್ದಾರೆ ಎಂಬ ಮಾತು. ಅದನ್ನು ಆಡಿದರೆ ಮೆಟ್ಟಿಲ ಕೆಳಗಿನ ಆ ಖೋಲಿ ಖಾಲಿಯಾಗುತ್ತಿತ್ತು. ನುಂಗಿಕೊಂಡೆ.

ಮುಂದಿನ ಬೇಸಿಗೆಯಲ್ಲಿ ವಾಚ್‌ಮನ್ ದಂಪತಿಗೆ ಕೊಂಡಾಪುರದ ಕಡೆ ಹೊಸದಾಗಿ ಎದ್ದ ದೊಡ್ಡ ಕಟ್ಟಡವೊಂದರಲ್ಲಿ ಕೆಲಸ ಸಿಕ್ಕಿತು. ಎರಡು ಕೋಣೆ, ಬೇರೆ ನಲ್ಲಿ ಎಂದು ಅವಳು ಬಂದು ಹೇಳಿದಳು. ಹೋಗುವ ದಿನ ಟ್ರಾಲಿ ಆಟೋಕ್ಕೆ ಹಾಸಿಗೆ ಸುರುಳಿ, ಸ್ಟವ್, ಬಕೆಟ್ಟು ಏರಿಸುತ್ತಿದ್ದರು. ನಾನೂ ಅತ್ತೆಯೂ ಬೀಳ್ಕೊಡಲು ಇಳಿದಿದ್ದೆವು. ಇನ್ನೂ ನಾಲ್ಕಾರು ಜನ ನಿಂತಿದ್ದರು. ಸೆಕ್ರೆಟರಿ ಖೋಲಿಯ ಕೀಲಿ ವಸೂಲು ಮಾಡಲು ಬಂದಿದ್ದರು.

ಅವಳು ಕೀಲಿಯನ್ನು ಅವರ ಅಂಗೈಯಲ್ಲಿಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನ ಹರಕು ತೆಲುಗಿನಲ್ಲಿ, ಜಗಳದ ಧ್ವನಿಯೇನೂ ಇಲ್ಲದೆ ಹೇಳಿದಳು: "ಸಾರ್, ಈ ಮೇಡಂ ಗಾಡಿಗೆ ಹೊಡೆದದ್ದು ನೀವು. ಕರೆಂಟ್ ಹೋದ ದಿನ. ನಾನೇ ಗೇಟ್ ತೆಗೆದಿದ್ದೆ. ಮೇಡಂ ಹೊಡೆದಿಲ್ಲ."

ಲಿಫ್ಟಿನ ಬಳಿ ನಿಂತಿದ್ದ ಮೇಲಿನ ಮಹಡಿಯ ಆ ಹೆಂಗಸು ಸೆಕ್ರೆಟರಿಯನ್ನು ನೋಡಿ, ನನ್ನನ್ನು ನೋಡಿ, ಕೈಯಲ್ಲಿದ್ದ ಹಾಲಿನ ಪೊಟ್ಟಣ ಅದಲುಬದಲು ಮಾಡಿಕೊಂಡರು. ಅತ್ತೆ ಮಾತ್ರ, "ಈಗೇನಂತಾರ ಕೇಳು," ಎಂದರು, ಸಾಕಷ್ಟು ಗಟ್ಟಿಯಾಗಿಯೇ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲವೆಂದೇನೂ ಅಲ್ಲ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕಣ್ಣಾರೆ ಕಂಡ ಒಂದು ಸಣ್ಣ ಸತ್ಯವನ್ನು ಬಾಯಿಬಿಟ್ಟು ಹೇಳಲು ಅವಳು ಗಂಟುಮೂಟೆ ಕಟ್ಟಿ, ಕೀಲಿ ಕೊಟ್ಟು, ಈ ಕಟ್ಟಡದಲ್ಲಿ ತನ್ನದೇನೂ ಉಳಿದಿಲ್ಲವೆಂಬ ದಿನದವರೆಗೆ ಕಾಯಬೇಕಾಯಿತು. ಅವರೋ ಅಷ್ಟು ದಿನವೂ ಹಾಯಾಗಿ ಎಲ್ಲರನ್ನೂ ಅಮ್ಮಾ ಎನ್ನುತ್ತ ಓಡಾಡಿಕೊಂಡಿದ್ದರು.

ಅವಳು ಆಟೋದ ಹಿಂದೆ ಹಾಸಿಗೆಯ ಮೇಲೆ ಹತ್ತಿ ಕೂತು, "ಬರ್ತೀನ್ರಿ ಅಕ್ಕಾರ. ಆ ಕಡಿ ಬಂದಾಗ ಮನಿಗಿ ಬರ್ರಿ," ಎಂದಳು. ಆಟೋ ಗೇಟು ದಾಟಿ ಹೋಯಿತು. ಸೆಕ್ರೆಟರಿ ಯಾರ ಮುಖವನ್ನೂ ನೋಡದೆ ಖೋಲಿಯ ಬೀಗ ತೆಗೆದು ಒಳಗೆ ಹೋದರು. ಬಲ್ಬು ಇದೆಯೋ, ಬಿಚ್ಚಿಕೊಂಡು ಹೋಗಿದ್ದಾರೋ ಎಂದು ಸ್ವಿಚ್ಚು ಹಾಕಿ ನೋಡಿ ಹೊರಗೆ ಬಂದರು.